ಕೃಷಿ ಪತ್ರಕರ್ತರ ಸಂಘಕ್ಕೆ ದುಡ್ಡು ಕಟ್ಟಬೇಕೆ?

ಪ್ರಶ್ನೆ: ಪತ್ರಿಕೆಗಳಿಗೆ ಬಿಡಿಯಾಗಿ ಕೃಷಿ ಲೇಖನ ಬರೆಯುತ್ತೇನೆ. ಸಂಘ ಸೇರಿದರೆ ನಿಜಕ್ಕೂ ಉಪಯೋಗ ಇದೆಯಾ, ಬರೀ ಗುರುತಿನ ಚೀಟಿಯಾ? ಬಲ್ಲವರು ತಿಳಿಸಿ.

ಶಿರಸಿಯಿಂದ: ಚೀಟಿಗಾಗಿ ಆದರೆ ಬೇಡ. ಅಚ್ಚಿಗೆ ಹೋಗುವ ಮುಂಚೆ ಬೆಳೆ ಬಲ್ಲ ಇನ್ನೊಬ್ಬರು ನಿಮ್ಮ ಬರಹ ಓದಿಕೊಡುತ್ತಾರಾ, ಅಷ್ಟು ನೋಡಿ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣ ಎಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಅಚ್ಚಿನಲ್ಲಿ ಇದು ತಿರುಗುಮುರುಗಾಗುವುದುಂಟು. ಕತ್ತಿಯ ಅಲಗು ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂಬ ಸಾಲಿದೆಯಲ್ಲ, ಜಾಗ ಸಾಲದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಹುಳಿ ಉಳಿದ ದ್ರಾವಣ ಎಳೆಕಾಯಿ ಸುಡುತ್ತದೆ. ಉಪಸಂಪಾದಕರಿಗೆ ಇದೆಲ್ಲ ಗೊತ್ತಿರಬೇಕೆಂದಿಲ್ಲ, ಸಂಘದಲ್ಲಿರುವ ತೋಟದವರಿಗೆ ಗೊತ್ತು.

ದಾವಣಗೆರೆಯಿಂದ: ಧಾರಣೆ ಬರೆಯುವವರಿಗೆ ಬೇರೆ ಬೇರೆ ಊರಿನ ಗೆಳೆಯರೇ ಆಸ್ತಿ. ಮಾರುಕಟ್ಟೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ತಲೆಬರಹಕ್ಕೆ ಹೋಗುವುದು ಗರಿಷ್ಠ. ಆ ದರ ಎರಡೇ ಚೀಲಕ್ಕೆ ಸಿಕ್ಕಿರಬಹುದು! ಹೆಚ್ಚಿನ ಮಾಲು ಹೋದದ್ದು ಮಾದರಿ ದರಕ್ಕೆ. ಆವಕ ಎಷ್ಟು ಕ್ವಿಂಟಲ್, ಅಡಿಕೆಯಾದರೆ ಬಗೆ ಯಾವುದು (ರಾಶಿಯೋ ಬೆಟ್ಟೆಯೋ ಚಾಲಿಯೋ), ಯಾವ ದಿನದ್ದು, ಇಷ್ಟನ್ನು ಆ ಊರಿನ ಸದಸ್ಯರಿಗೊಂದು ಫೋನ್ ಹಚ್ಚಿ ಖಾತ್ರಿ ಮಾಡಿಕೊಳ್ಳಿ. ಎಕರೆ, ಹೆಕ್ಟೇರ್ ಗೊಂದಲವೂ ಹೀಗೇ ಸಿಕ್ಕಿಬೀಳುತ್ತದೆ. 1 ಹೆಕ್ಟೇರಿಗೆ ಸುಮಾರು ಎರಡೂವರೆ ಎಕರೆ. ಮರೆತರೆ ಇಳುವರಿ ಎರಡೂವರೆ ಪಟ್ಟು ಉಬ್ಬುತ್ತದೆ.

ಪುತ್ತೂರಿನಿಂದ: ಕಲಿಯಲು ಸಂಘವೇ ಬೇಕೆಂದಿಲ್ಲ. ಇಲ್ಲಿ 1988ರಲ್ಲಿ ಶುರುವಾದ ಅಡಿಕೆ ಪತ್ರಿಕೆ ‘ಕೃಷಿಕರ ಕೈಗೆ ಲೇಖನಿ’ ಎಂದು ಬೆಳೆಗಾರರನ್ನೇ ಬರಹಗಾರರನ್ನಾಗಿ ಮಾಡಿತು. ಧಾರವಾಡದ ಕೃಷಿ ಮಾಧ್ಯಮ ಕೇಂದ್ರವೂ ತರಬೇತಿಯ ಕೆಲಸ ಮಾಡಿದೆ. ಅಂತರರಾಷ್ಟ್ರೀಯ ಕೃಷಿ ಪತ್ರಕರ್ತರ ಒಕ್ಕೂಟ 1956ರದ್ದು; ಅದರ ಬುನಾದಿ ಆಯಾ ದೇಶದ ಸಂಘಗಳು. ವರ್ಷವರ್ಷ ಒಂದೊಂದು ದೇಶದಲ್ಲಿ ಸಮ್ಮೇಳನ, ಜೊತೆಗೆ ಹೊಲಗಳ ಭೇಟಿ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಒಳ್ಳೆಯ ದಾರಿ. ತಾಲೂಕಿನ ಸುದ್ದಿ ಕನ್ನಡದಲ್ಲಿ ಬರೆಯುವವರಿಗೆ ಸದ್ಯಕ್ಕೆ ದೂರದ ಬೆಟ್ಟ.

ಹಾವೇರಿಯಿಂದ: ಪುತ್ತೂರಿನವರ ಮಾತು ಅರ್ಧ ಒಪ್ಪುವೆ. ಕಲಿಕೆ ಹೊರಗೂ ಸಿಗುತ್ತದೆ, ಬೆನ್ನಿಗೆ ನಿಲ್ಲುವವರು ಸಿಗುವುದಿಲ್ಲ. ಬೀಜ ಮೊಳೆಯಲಿಲ್ಲ ಎಂದು ಬರೆದರೆ ಕಂಪನಿಯ ನೋಟಿಸ್ ಬರಬಹುದು. ಬಿಡಿ ಬರಹಗಾರರಿಗೆ ಪತ್ರಿಕೆ ವಕೀಲರನ್ನು ಕೊಡುತ್ತದೆ ಎಂಬ ಭರವಸೆ ಇಲ್ಲ. ಸೇರುವ ಮುಂಚೆ ಎರಡು ಕೇಳಿ: ಇಂಥ ಹೊತ್ತಿನಲ್ಲಿ ಸಂಘ ಏನು ಮಾಡುತ್ತದೆ? ಸಂಘದ ಪ್ರವಾಸ, ಪ್ರಶಸ್ತಿಗಳ ಖರ್ಚು ಯಾರದು? ಬೀಜ, ಔಷಧಿ ಕಂಪನಿಯದಾದರೆ ಅದನ್ನು ಲೇಖನದ ಕೊನೆಯಲ್ಲಿ ಹೇಳಬೇಕೆಂಬ ನಿಯಮ ಇದೆಯಾ? (ಎರಡು ಎಂದು ಮೂರು ಕೇಳಿದೆ, ಇರಲಿ.) ನಿಮ್ಮ ಕಡೆಯಿಂದ ರೈತರ ಬಿಲ್, ಚೀಲಕ್ಕೆ ಹೊಲಿದ ಚೀಟಿ, ಲಾಟ್ ನಂಬರ್, ಬಿತ್ತಿದ ದಿನಾಂಕ, ಹೊಲದ ಫೋಟೊ ಇರಲೇಬೇಕು. ಚೀಲವನ್ನು ಬಿತ್ತನೆಯ ದಿನವೇ ಎಸೆದಿರುತ್ತಾರೆ, ಮೊದಲು ಅದನ್ನು ಹುಡುಕಿಸಿ.