ಅಪ್‌ಡೇಟ್: ಬಾತುಮರಿಗಳು ಬಂದವು, ತಪ್ಪು ಮೀಟರಿನದ್ದು!

ಇನ್‌ಕ್ಯುಬೇಟರಿಗೆ ಎಷ್ಟು ನೀರು ಹಾಕಿದರೂ ತೇವಾಂಶ ಶೇಕಡಾ 38 ದಾಟುತ್ತಿಲ್ಲ, ಬಾತುಕೋಳಿ ಮೊಟ್ಟೆಗಳು ಒಣಗುತ್ತವಾ ಎಂದು ಕೇಳಿದ್ದೆನಲ್ಲ, ಅದರ ಕಥೆ ಇದು.

ಮೊದಲು ತೇವಾಂಶದ ಮೀಟರನ್ನೇ ಪರೀಕ್ಷೆ ಮಾಡಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಬಾಟಲಿ ಮುಚ್ಚಳದಲ್ಲಿ ಒದ್ದೆ ಉಪ್ಪು ಇಟ್ಟು, ಮೀಟರಿನ ಜೊತೆ ಜಿಪ್ ಕವರಿನಲ್ಲಿ ರಾತ್ರಿಯಿಡೀ ಮುಚ್ಚಿಟ್ಟೆ. 75 ತೋರಿಸಬೇಕಿತ್ತು, ತೋರಿಸಿದ್ದು 64! ಅಂದರೆ ನನ್ನ 38 ನಿಜಕ್ಕೂ 49ರ ಹತ್ತಿರ. ಸುಮ್ನೆ ಗಾಬರಿಯಾಗಿದ್ದೆ.

ತೂಕ ನೋಡುವ ಸಲಹೆಯೂ ಚೆನ್ನಾಗಿತ್ತು. 80 ಗ್ರಾಂ ಇದ್ದ ಮೊಟ್ಟೆ 25ನೇ ದಿನಕ್ಕೆ 70ಕ್ಕೆ ಇಳಿದಿತ್ತು. ಸುಮಾರು 13 ಶೇಕಡಾ, ಅಷ್ಟು ಇಳಿಯಲೇಬೇಕಂತೆ.

ಬಟ್ಟಲಿಗೆ ಇನ್ನಷ್ಟು ನೀರು ತುಂಬಿಸಿದ್ದು ಉಪಯೋಗಕ್ಕೆ ಬರಲಿಲ್ಲ. ನೀರಿನ ಆಳ ಅಲ್ಲ, ಅಗಲ ಮುಖ್ಯ. ಕೊನೆಯ ಮೂರು ದಿನ ತೇವಾಂಶ 70 ಬೇಕಿತ್ತು, ಎರಡು ಒದ್ದೆ ಸ್ಪಂಜು ಇಟ್ಟ ಮೇಲೆ ಅರ್ಧ ಗಂಟೆಯಲ್ಲೇ ಏರಿತು. ನೀರು ಚಿಮುಕಿಸಿದ್ದರಿಂದ ಹತ್ತು ನಿಮಿಷ ಏರಿ ಮತ್ತೆ ಇಳಿಯುತ್ತಿತ್ತು, ಅಷ್ಟೇ.

ಚಿಪ್ಪಿನಲ್ಲಿ ಮೊದಲ ಬಿರುಕು ಕಂಡ ಮೇಲೆ ಮರಿ ಹೊರಬರಲು ಒಂದೂವರೆ ದಿನ ಹಿಡಿಯಿತು. ಮುಚ್ಚಳ ತೆಗೆಯದೆ ಕೂರುವುದೇ ಜಾಸ್ತಿ ಕಷ್ಟ! 12ರಲ್ಲಿ 9 ಮರಿಗಳು. ಈಗ ನೀರಿನ ಬಟ್ಟಲನ್ನೇ ಮಗುಚಿ ಹಾಕುತ್ತಿವೆ.