ಬಾಣಂತನದ ಪೆಟ್ಟಿಗೆಯಲ್ಲಿ ಏನು ಬರಲಿ, ಏನು ಊರಲ್ಲೇ ಉಳಿಯಲಿ

"ಅತ್ತೆಯವರು ಮುಂದಿನ ತಿಂಗಳು ಹಾಸನದಿಂದ ಬರುತ್ತಿದ್ದಾರೆ. ಬಾಣಂತಿಗೂ ಮಗುವಿಗೂ ಏನೇನು ಔಷಧಿ ತರಲು ಹೇಳಲಿ?" ಎಂದು ಹೊರದೇಶದ ಕನ್ನಡಿಗರ ನಮ್ಮ ಗುಂಪಿನಲ್ಲಿ ಕೇಳಿದ ತಂಗಿಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಕೆಲವರು ಎಲ್ಲವನ್ನೂ ತರಿಸಿ ಎಂದಿದ್ದಾರೆ. ಇನ್ನು ಕೆಲವರು ಅದೆಲ್ಲ ಮೂಢನಂಬಿಕೆ, ಏನೂ ಬೇಡ ಎಂದಿದ್ದಾರೆ. ಹಸುಗೂಸನ್ನು ಎದೆಗವಚಿಕೊಂಡು ನಿದ್ದೆಗೆಟ್ಟ ಮನೆಗೆ ಈ ಎರಡು ಉತ್ತರಗಳಿಂದಲೂ ಉಪಯೋಗವಿಲ್ಲ. ನಾನು ಅಮೆರಿಕದ ಬಾಸ್ಟನ್ ಹತ್ತಿರದ ಆಸ್ಪತ್ರೆಯೊಂದರ ಔಷಧಾಲಯದಲ್ಲಿ ಕೆಲಸ ಮಾಡುತ್ತೇನೆ. ಇಬ್ಬರು ಮಕ್ಕಳನ್ನು ಇಲ್ಲೇ ಬೆಳೆಸಿದ್ದೇನೆ. ಅಜ್ಜಿಯ ಕೈಯ ಕಷಾಯ ಕುಡಿದೇ ದೊಡ್ಡವಳಾದೆ, ಈಗಲೂ ಕುಡಿಯುತ್ತೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಆಯುರ್ವೇದ ಬೇಕೋ ಇಂಗ್ಲಿಷ್ ಔಷಧಿ ಬೇಕೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆಗಳು ಎರಡೇ. ಇದು ನಮ್ಮ ಕಣ್ಣೆದುರು ಅಡುಗೆಮನೆಯಲ್ಲಿ ತಯಾರಾದದ್ದೋ, ಒಳಗೇನಿದೆ ಎಂದು ನಮಗೆ ಗೊತ್ತಿಲ್ಲದ ಡಬ್ಬಿಯಿಂದ ಬಂದದ್ದೋ? ಇದನ್ನು ನುಂಗುವವರ ವಯಸ್ಸೆಷ್ಟು? ಈ ಎರಡಕ್ಕೆ ಉತ್ತರ ಸಿಕ್ಕರೆ ಪೆಟ್ಟಿಗೆಯ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಮೊದಲು ಬಾಣಂತಿಯ ವಿಷಯ. ಇಲ್ಲಿ ಸಂಕೋಚ ಬೇಡ. ಮೆಣಸಿನ ಸಾರಿನ ಪುಡಿ, ಒಣಶುಂಠಿ, ಅಂಟಿನುಂಡೆ, ಮೆಂತ್ಯದ ಹಿಟ್ಟು, ಕೊತ್ತಂಬರಿ ಜೀರಿಗೆ ಹುರಿದು ಮಾಡಿದ ಕಷಾಯದ ಪುಡಿ, ಎಲ್ಲವೂ ಬರಲಿ. ಸಹಜ ಹೆರಿಗೆಯಾದರೆ ಎರಡು ದಿನಕ್ಕೆ ಮನೆಗೆ ಕಳುಹಿಸಿ, ಮುಂದಿನ ತಪಾಸಣೆಗೆ ಬಹುಮಟ್ಟಿಗೆ ಆರು ವಾರ ಬಿಟ್ಟು ಬನ್ನಿ ಎನ್ನುವ ಈ ದೇಶದಲ್ಲಿ, ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕೈಗೆ ಕೊಡುವ, ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವ, ಮಗುವನ್ನು ಎತ್ತಿಕೊಂಡು "ನೀನು ಮಲಗು" ಎನ್ನುವ ಒಬ್ಬ ಹಿರಿಯರು ಮನೆಯಲ್ಲಿರುವುದಕ್ಕಿಂತ ದೊಡ್ಡ ಔಷಧಿ ಇಲ್ಲ. ಬಾಣಂತನದ ಪುಣ್ಯದ ಪಾಲು ಹೆಚ್ಚಾಗಿ ಆ ವಿಶ್ರಾಂತಿಯಲ್ಲಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಪಥ್ಯದ ಹೆಸರಿನಲ್ಲಿ ಹಣ್ಣು, ತರಕಾರಿ, ನೀರನ್ನು ಕಡಿಮೆ ಮಾಡುವುದು ಮಾತ್ರ ಬೇಡ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು, ಅವಳು ಕೇಳಿದಷ್ಟು ನೀರು ಕೊಡಬೇಕು.

ಮೆಂತ್ಯದ ಬಗ್ಗೆ ಒಂದು ಮಾತು. ಹಾಲು ಹೆಚ್ಚುತ್ತದೆ ಎಂದು ಮೆಂತ್ಯ ತಿನ್ನುವುದು ನಮ್ಮಲ್ಲಿ ರೂಢಿ. ಅಡುಗೆಯ ಪ್ರಮಾಣದಲ್ಲಿ ಅಡ್ಡಿಯಿಲ್ಲ. ಆದರೆ ಹೆಚ್ಚು ತಿಂದರೆ ತಾಯಿಯ ಬೆವರಿಗೆ, ಮಗುವಿನ ಮೂತ್ರಕ್ಕೆ ಮೇಪಲ್ ಪಾಕದಂಥ ಸಿಹಿ ವಾಸನೆ ಬರುತ್ತದೆ. ನವಜಾತ ಶಿಶುಗಳಲ್ಲಿ ಅದೇ ವಾಸನೆಯಿಂದ ಗುರುತಿಸುವ ಒಂದು ಅಪರೂಪದ, ಅಪಾಯಕಾರಿ ಕಾಯಿಲೆ ಇದೆ. ತಾಯಿ ಮೆಂತ್ಯ ಸೇವಿಸಿದ್ದು ಗೊತ್ತಿಲ್ಲದೆ ಮಗುವಿಗೆ ಆ ಕಾಯಿಲೆ ಇರಬಹುದೆಂದು ವೈದ್ಯರು ಶಂಕಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಾಣಂತಿ ಏನು ತಿನ್ನುತ್ತಿದ್ದಾಳೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿದ್ದರೆ ಆ ತಾಯಂದಿರ ಅಷ್ಟು ಗಾಬರಿ ತಪ್ಪುತ್ತಿತ್ತು. ಮಧುಮೇಹಕ್ಕೆ ಅಥವಾ ರಕ್ತ ತೆಳುವಾಗಲು ಗುಳಿಗೆ ತೆಗೆದುಕೊಳ್ಳುವವರಂತೂ ಮೆಂತ್ಯವನ್ನು ಔಷಧಿಯ ಪ್ರಮಾಣದಲ್ಲಿ ಸೇವಿಸುವ ಮುನ್ನ ಕೇಳಲೇಬೇಕು.

ಈಗ ಡಬ್ಬಿಗಳಿಗೆ ಬರೋಣ. ಇದನ್ನು ಓದಿ ಬೇಸರವಾಗಬಹುದು, ಆದರೂ ಹೇಳಬೇಕು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಬಾಸ್ಟನ್ ಸುತ್ತಮುತ್ತಲಿನ ದಕ್ಷಿಣ ಏಷ್ಯಾದ ಅಂಗಡಿಗಳಿಂದ, ಅಂದರೆ ನಾವು ಬೇಳೆ ಸೋನಾಮಸೂರಿ ತರುವಂಥ ಅಂಗಡಿಗಳಿಂದ, 70 ಆಯುರ್ವೇದ ಔಷಧಿಗಳನ್ನು ಕೊಂಡು ಸಂಶೋಧಕರು ಪರೀಕ್ಷಿಸಿದರು. ಅವುಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. 2008ರಲ್ಲಿ ಅಂತರ್ಜಾಲದ ಮೂಲಕ ಮಾರುವ 193 ಔಷಧಿಗಳನ್ನು ನೋಡಿದಾಗಲೂ ಸುಮಾರು ಐದರಲ್ಲಿ ಒಂದರಲ್ಲಿ ಈ ಲೋಹಗಳಿದ್ದವು. 2012ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ, ಆಯುರ್ವೇದ ಗುಳಿಗೆಗಳಿಂದ ರಕ್ತದಲ್ಲಿ ಸೀಸ ಏರಿದ್ದ ಆರು ಗರ್ಭಿಣಿಯರ ಬಗ್ಗೆ ವರದಿ ಮಾಡಿತು. ಇವೆಲ್ಲ ಕಲಬೆರಕೆಯ ಕಥೆಗಳೂ ಅಲ್ಲ. ರಸಶಾಸ್ತ್ರ ಎಂಬ ಶಾಖೆಯಲ್ಲಿ ಪಾದರಸ, ಸೀಸದಂಥ ಲೋಹಗಳನ್ನು ಶುದ್ಧಿ ಮಾಡಿ ಭಸ್ಮವಾಗಿ ಬೇಕೆಂದೇ ಸೇರಿಸುತ್ತಾರೆ. ಶುದ್ಧಿಯಾದ ಲೋಹ ವಿಷವಲ್ಲ ಎಂಬುದು ಆ ಶಾಸ್ತ್ರದ ನಂಬಿಕೆ. ಆ ಆರು ಗರ್ಭಿಣಿಯರ ರಕ್ತಪರೀಕ್ಷೆ ಅದನ್ನು ಒಪ್ಪಲಿಲ್ಲ. ಸೀಸಕ್ಕೆ ಮಗುವಿನ ಮೆದುಳಿನಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ, ಗರ್ಭದಲ್ಲಿರುವಾಗಲೂ ತಾಯಿಯ ರಕ್ತದಿಂದ ಅದು ದಾಟಿಹೋಗುತ್ತದೆ. ಆದ್ದರಿಂದ ರಸ, ಭಸ್ಮ, ಸಿಂಧೂರ ಎಂಬ ಹೆಸರುಳ್ಳ ಯಾವುದೂ, ಹಾಗೆಯೇ ಊರಿನ ನಾಟಿ ವೈದ್ಯರು ಕಾಗದದಲ್ಲಿ ಕಟ್ಟಿಕೊಟ್ಟ ಪುಡಿಯೂ ಬಸುರಿ ಬಾಣಂತಿಯರಿಗೆ, ಮಕ್ಕಳಿಗೆ ಬೇಡವೇ ಬೇಡ.

"ಇಲ್ಲಿನ ಅಂಗಡಿಯಲ್ಲೇ ಮಾರುತ್ತಾರಲ್ಲ, ಸರ್ಕಾರ ಪರೀಕ್ಷಿಸಿರುತ್ತದೆ" ಎಂದು ಒಬ್ಬರು ಬರೆದಿದ್ದಾರೆ. ಅಮೆರಿಕದಲ್ಲಿ 1994ರ ಕಾಯ್ದೆಯ ಪ್ರಕಾರ ಇಂಥ ಪೂರಕಗಳನ್ನು ಮಾರುಕಟ್ಟೆಗೆ ಬಿಡುವ ಮುನ್ನ ಸರ್ಕಾರದ ಅನುಮೋದನೆ ಬೇಕಿಲ್ಲ. ಬೇರೆ ದೇಶದವರು ಡಬ್ಬಿಯ ಮೇಲೆ ಸರ್ಕಾರಿ ನೋಂದಣಿಯ ಗುರುತು ಇದೆಯೇ ನೋಡಬಹುದು: ಕೆನಡಾದಲ್ಲಿ ಎನ್‌ಪಿಎನ್ (NPN) ಸಂಖ್ಯೆ, ಆಸ್ಟ್ರೇಲಿಯಾದಲ್ಲಿ ಆಸ್ಟ್ ಎಲ್ (AUST L) ಸಂಖ್ಯೆ, ಬ್ರಿಟನ್ನಿನಲ್ಲಿ ಟಿಎಚ್ಆರ್ (THR) ಗುರುತು. ಇದ್ದರೆ ರೋಗ ಗುಣವಾಗುತ್ತದೆ ಎಂದರ್ಥವಲ್ಲ, ಒಳಗಿನದಕ್ಕೆ ಒಬ್ಬರಾದರೂ ಜವಾಬ್ದಾರರಿದ್ದಾರೆ ಎಂದರ್ಥ. ಅರಿಶಿನದ ಕ್ಯಾಪ್ಸೂಲ್‌ಗಳ ವಿಷಯದಲ್ಲೂ ಇದೇ ಎಚ್ಚರ ಇರಲಿ. ಸಾರಿಗೆ ಹಾಕುವ ಚಿಟಿಕೆ ಅರಿಶಿನವೇ ಬೇರೆ, ಕಾಳುಮೆಣಸಿನ ಸತ್ವ ಸೇರಿಸಿ ದೇಹ ಹೆಚ್ಚು ಹೀರುವಂತೆ ಮಾಡಿದ ಗುಳಿಗೆಯೇ ಬೇರೆ. ಅಂಥ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳಿವೆ. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಾರೆ.

ಇನ್ನು ಮಗು. ನನ್ನ ಮಾತು ಕಟುವಾಗುವುದು ಇಲ್ಲಿಯೇ.

ನಮ್ಮ ಮನೆಗಳಲ್ಲಿ ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಒಣಶುಂಠಿಯನ್ನು ಸಾಣೆಕಲ್ಲಿನ ಮೇಲೆ ಒಂದೊಂದು ಸುತ್ತು ತೇದು, ತಾಯಿಹಾಲಿನಲ್ಲೋ ಜೇನಿನಲ್ಲೋ ಕಲಸಿ ಒಳಲೆಯಲ್ಲಿ ಕುಡಿಸುವ ಪದ್ಧತಿ ಇದೆ. ಬಜೆ ತಿಂದರೆ ಮಾತು ಬೇಗ ಬರುತ್ತದೆ ಎನ್ನುತ್ತಾರೆ. ಆ ಹಿರಿಯರ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಭಾರತದ ಬಜೆಯಲ್ಲಿ ಬೀಟಾ ಆಸರೋನ್ ಎಂಬ ಅಂಶ ಹೆಚ್ಚು. ಬಜೆಯ ಎಣ್ಣೆ ತಿಂದ ಇಲಿಗಳಲ್ಲಿ ಕರುಳಿನ ಗೆಡ್ಡೆ ಕಂಡುಬಂದ ಮೇಲೆ ಅಮೆರಿಕ 1968ರಲ್ಲಿ ಅದನ್ನು ಆಹಾರದಲ್ಲಿ ನಿಷೇಧಿಸಿತು. ಜಾಯಿಕಾಯಿ ಕೊಟ್ಟರೆ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ಎನ್ನುವುದು ನಿಜವಿರಬಹುದು. ಆದರೆ ಅದು ಮಂಪರು, ಮತ್ತು ಒಂದು ಸುತ್ತಿನಲ್ಲಿ ಎಷ್ಟು ಸತ್ವ ಇಳಿಯಿತು ಎಂದು ಅಳೆಯುವ ದಾರಿಯಿಲ್ಲ. ಮೊದಲ ಆರು ತಿಂಗಳು ತಾಯಿಹಾಲು ಸಾಕು, ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓಮದ ನೀರಿಗೂ ಇದೇ ಮಾತು. ಬಜೆ ಮಣಿಯ ಕೈಬಳೆಯನ್ನೂ ಕಟ್ಟಬೇಡಿ, ದಾರ ಸಡಿಲವಾದರೆ ಮಣಿ ನೇರ ಗಂಟಲಿಗೆ ಹೋಗುತ್ತದೆ.

ಜೇನುತುಪ್ಪವನ್ನು ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂ ಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ದೊಡ್ಡವರ ಹೊಟ್ಟೆಯಲ್ಲಿ ಸುಮ್ಮನೆ ಹಾದುಹೋಗುತ್ತವೆ, ಶಿಶುವಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತವೆ. ಜೇನನ್ನು ಬಿಸಿ ಮಾಡಿದರೂ ಅವು ಸಾಯುವುದಿಲ್ಲ. ಆ ಕಾಯಿಲೆಯ ಮೊದಲ ಗುರುತು ಹೆಚ್ಚಾಗಿ ಮಲಬದ್ಧತೆ. ಆಮೇಲೆ ಅಳುವಿನ ದನಿ ಕ್ಷೀಣಿಸುತ್ತದೆ, ಹಾಲು ಚೀಪುವ ಶಕ್ತಿ ಕುಂದುತ್ತದೆ, ಕತ್ತು ಜೋಲುತ್ತದೆ. ಮಲಬದ್ಧತೆ ಕಂಡ ಕೂಡಲೇ ನಮ್ಮವರು ಕೈ ಹಾಕುವುದು ಹರಳೆಣ್ಣೆಯ ಸೀಸೆಗೆ. ಅಲ್ಲಿಗೆ ವೈದ್ಯರ ಬಳಿ ಹೋಗುವುದು ಇನ್ನೊಂದು ದಿನ ತಡವಾಗುತ್ತದೆ. ಕರ್ನಾಟಕದಲ್ಲಿ ಪುಷ್ಯ ನಕ್ಷತ್ರದ ದಿನ ಹಾಕಿಸುವ ಸುವರ್ಣ ಬಿಂದು ಪ್ರಾಶನದಲ್ಲಿಯೂ ಜೇನು ಇರುತ್ತದೆ, ಜೊತೆಗೆ ಚಿನ್ನದ ಭಸ್ಮ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಬಂಧುಗಳು ಪ್ರೀತಿಯಿಂದ ಕರೆದೊಯ್ಯಲು ಬರುತ್ತಾರೆ. ಕೂಸಿಗೆ ಬೇಡ ಎಂದು ಹೊರಡುವ ಮೊದಲೇ ಗಂಡ ಹೆಂಡತಿ ಮಾತಾಡಿಕೊಂಡಿರಿ. ಇಲ್ಲದಿದ್ದರೆ ಅಲ್ಲಿ, ಎಲ್ಲರೆದುರು, ಸೊಸೆಯೊಬ್ಬಳೇ ಕೆಟ್ಟವಳಾಗುತ್ತಾಳೆ.

ಕಣ್ಣಿಗೆ ಕಾಡಿಗೆ ಬೇಡ. ಸುರ್ಮಾ, ಅಂಗಡಿಯ ಕಾಡಿಗೆಗಳಲ್ಲಿ ಸೀಸ ಮತ್ತೆ ಮತ್ತೆ ಪತ್ತೆಯಾಗಿದೆ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಮನೆಯಲ್ಲಿ ದೀಪದ ಕಪ್ಪಿನಿಂದ ಮಾಡಿದ್ದನ್ನು ಕಿವಿಯ ಹಿಂದೆ ಇಡಿ, ಅಲ್ಲಿಂದ ಬಾಯಿಗೆ ಹೋಗುವ ಸಂಭವ ಕಡಿಮೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕರ್ಪೂರ ಹಾಕಿ ಕಾಯಿಸಿದ ಎಣ್ಣೆ ಎಳೆಮಗುವಿನ ಎದೆಗೆ ಬೇಡ, ಕರ್ಪೂರದಿಂದ ಮಕ್ಕಳಿಗೆ ಸೆಳವು ಬಂದ ದಾಖಲೆಗಳಿವೆ. ಎದೆಗೆ ಸವರುವ ವಿಕ್ಸ್‌ನಲ್ಲೂ ಕರ್ಪೂರವಿದೆ, ಎರಡು ವರ್ಷದೊಳಗಿನವರಿಗೆ ಬೇಡ ಎಂದು ಅದರ ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಸಾಂಬ್ರಾಣಿ ಹೊಗೆ ಪುಟ್ಟ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅಪಾರ್ಟ್‌ಮೆಂಟಿನಲ್ಲಿ ಹೊಗೆಯ ಗಂಟೆಯೂ ಬಡಿದುಕೊಳ್ಳುತ್ತದೆ. ಇನ್ನೂ ಮೂರು ತಿಂಗಳಾಗದ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ ಯಾವ ಮನೆಮದ್ದೂ ಬೇಡ. ರಾತ್ರಿ ಎರಡು ಗಂಟೆಯಾಗಿದ್ದರೂ ವೈದ್ಯರಿಗೆ ಕರೆ ಮಾಡಿ ಹೊರಡಿ.

ಹಾಗಾದರೆ ಅಜ್ಜಿಗೆ ಉಳಿದದ್ದೇನು ಎಂದು ಕೇಳುತ್ತೀರಾ? ಎಣ್ಣೆ ನೀರು ಉಳಿದಿದೆ. ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ, ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲಿನ ಮೇಲೆ ಮಲಗಿಸಿ, ಹಾಡು ಹೇಳುತ್ತಾ ನೀರು ಹಾಕುವ ಆ ಕೈಗಳನ್ನು ದಯವಿಟ್ಟು ತಡೆಯಬೇಡಿ. ಮೂಗಿಗೆ ಬಾಯಿಗೆ ನೀರು ನುಗ್ಗದಂತೆ, ನೀರು ತುಂಬ ಬಿಸಿಯಾಗದಂತೆ ಪಕ್ಕದಲ್ಲಿ ಒಬ್ಬರು ನಿಂತರೆ ಸಾಕು. ಜೋಗುಳ ಉಳಿದಿದೆ, ತೊಟ್ಟಿಲು ಉಳಿದಿದೆ, ಕನ್ನಡದ ಮಾತು ಉಳಿದಿದೆ. ಮಗುವಿಗೆ ಮಾತು ಬೇಗ ಬರಬೇಕೆಂದರೆ ಅಜ್ಜಿ ದಿನವಿಡೀ ಅದರ ಮುಖ ನೋಡಿ ಮಾತಾಡುತ್ತಿರಲಿ.

ಮಗುವಿಗೆ ವರ್ಷ ತುಂಬಿತೆಂದರೆ ಅಡುಗೆಮನೆಯ ಬಾಗಿಲು ಮತ್ತೆ ತೆರೆಯುತ್ತದೆ. ನೆಗಡಿ ಕೆಮ್ಮಿಗೆ ಮಲಗುವ ಮುನ್ನ ಅರ್ಧ ಚಮಚ ಜೇನು ಕೊಡುವುದನ್ನು ಇಲ್ಲಿನ ಮಕ್ಕಳ ವೈದ್ಯರೇ ಹೇಳುತ್ತಾರೆ. 2007ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ನಡೆದ ಅಧ್ಯಯನದಲ್ಲಿ, ಏನೂ ಕೊಡದೆ ಬಿಟ್ಟ ಮಕ್ಕಳಿಗಿಂತ ಜೇನು ಕೊಟ್ಟ ಮಕ್ಕಳ ರಾತ್ರಿಯ ಕೆಮ್ಮು ಹೆಚ್ಚು ಇಳಿದು ನಿದ್ದೆ ಚೆನ್ನಾಗಿ ಬಂತು. ಅಂಗಡಿಯ ಕೆಮ್ಮಿನ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬೇಡಿ ಎಂದು ಅಮೆರಿಕದಲ್ಲಿ ಅದರ ಮೇಲೆಯೇ ಮುದ್ರಿಸುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಅಜ್ಜಿಯರು ಸಿರಪ್ಪಿನವರಿಗಿಂತ ಮುಂದಿದ್ದರು ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ. ಮೆಣಸಿನ ಸಾರು, ಶುಂಠಿ ಬೆಲ್ಲದ ತೆಳು ಕಷಾಯ, ತುಳಸಿ, ಎಲ್ಲವೂ ಹಿತ. ದೊಡ್ಡಪತ್ರೆಯನ್ನು ಊರಿನಿಂದ ಕದ್ದುಮುಚ್ಚಿ ತರಬೇಡಿ. ಸೊಪ್ಪು, ಬೇರು, ಬೀಜ ಏನಿದ್ದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು, ಆಸ್ಟ್ರೇಲಿಯಾದಲ್ಲಂತೂ ನಿಯಮ ಬಹಳ ಬಿಗಿ. ಇಲ್ಲಿನ ನರ್ಸರಿಗಳಲ್ಲಿ ಅದೇ ಗಿಡ ಕ್ಯೂಬನ್ ಒರೆಗಾನೊ ಎಂಬ ಹೆಸರಿನಲ್ಲಿ ಸಿಗುತ್ತದೆ. ಒಂದು ಕಡ್ಡಿ ಸಾಕು, ಚಿಗುರುತ್ತದೆ. ಹಿಮ ಬೀಳುವ ಮೊದಲು ಕುಂಡವನ್ನು ಕಿಟಕಿಯ ಒಳಗಿಡಿ. ಒಂದೆಲಗ ಬೇಕಾದವರು ವಿಯೆಟ್ನಾಂ ಅಂಗಡಿಗಳಲ್ಲಿ ಹುಡುಕಿ, ಕಟ್ಟು ಕಟ್ಟಾಗಿ ತಾಜಾ ಸಿಗುತ್ತದೆ. ದೊಡ್ಡಪತ್ರೆ ತಂಬುಳಿ, ಒಂದೆಲಗದ ತಂಬುಳಿಯನ್ನು ಕಲಸಿ ಉಂಡು ಬೆಳೆದ ಮಗುವಿಗೆ ಊರಿನ ರುಚಿಯ ಪರಿಚಯವೂ ಆಗುತ್ತದೆ.

ಇಲ್ಲಿಯ ಪರ್ಯಾಯ ಔಷಧಿಗಳ ಬಗ್ಗೆಯೂ ಕಣ್ಣು ತೆರೆದಿರಲಿ. ಹಲ್ಲು ಬರುವಾಗ ಕೊಡುವ ಹೋಮಿಯೋಪಥಿ ಗುಳಿಗೆಗಳಲ್ಲಿ ಬೆಲ್ಲಡೋನಾ ಪ್ರಮಾಣ ಒಂದೊಂದರಲ್ಲಿ ಒಂದೊಂದು ಬಗೆಯಾಗಿದೆ ಎಂದು ಅಮೆರಿಕದ ಔಷಧ ಇಲಾಖೆ 2017ರಲ್ಲಿ ಕಂಡುಹಿಡಿಯಿತು. ಕುತ್ತಿಗೆಗೆ ಹಾಕುವ ಅಂಬರ್ ಮಣಿಸರದಿಂದ ಉಸಿರುಗಟ್ಟುವ ಅಪಾಯವಿದೆ ಎಂದು 2018ರಲ್ಲಿ ಎಚ್ಚರಿಸಿತು. ಶಾಲೆಯ ಬೇರೆ ತಾಯಂದಿರು ಹೇಳಿದರೆಂದು ಇವನ್ನೂ ಕೊಳ್ಳಬೇಡಿ.

ಕೊನೆಯದಾಗಿ ವೈದ್ಯರೊಂದಿಗಿನ ಮಾತು. ಮಕ್ಕಳ ವೈದ್ಯರು "ಬೇರೆ ಏನಾದರೂ ಕೊಡುತ್ತಿದ್ದೀರಾ?" ಎಂದಾಗ ನಮ್ಮವರಲ್ಲಿ ಬಹಳ ಮಂದಿ ಇಲ್ಲ ಎಂದು ತಲೆಯಾಡಿಸುತ್ತಾರೆ. ನಗುತ್ತಾರೇನೋ, ಬೈಯುತ್ತಾರೇನೋ ಎಂಬ ನಾಚಿಕೆ. ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಬೈಯುವ ವೈದ್ಯರಾದರೆ ಬೇರೆಯವರನ್ನು ಹುಡುಕಿ, ಆದರೆ ಮುಚ್ಚಿಡಬೇಡಿ. ಮ್ಯಾಸಚೂಸೆಟ್ಸ್‌ನಲ್ಲಿ 9ರಿಂದ 12 ತಿಂಗಳ ನಡುವೆ, ಮತ್ತೆ ಎರಡು ಮತ್ತು ಮೂರನೆಯ ವರ್ಷದಲ್ಲಿ ಸೀಸದ ರಕ್ತಪರೀಕ್ಷೆ ಕಡ್ಡಾಯ. ಬೇರೆ ಕಡೆ ಇರುವವರು ನೀವಾಗಿಯೇ ಕೇಳಿ ಮಾಡಿಸಿ. ಸೀಸ ಎಲ್ಲಿಂದ ಬಂದಿರಬಹುದು ಎಂದು ನೋಡುವಾಗ ವೈದ್ಯರು ಹೆಚ್ಚಾಗಿ ಹಳೆಯ ಮನೆಯ ಬಣ್ಣದ ಬಗ್ಗೆ ಕೇಳುತ್ತಾರೆ. ಕಾಡಿಗೆ, ಕುಂಕುಮ, ಊರಿನಿಂದ ತಂದ ಬಿಡಿ ಅರಿಶಿನದ ವಿಷಯವನ್ನು ನೀವೇ ಹೇಳಬೇಕಾಗುತ್ತದೆ.

ತಂಗಿ, ಅತ್ತೆಯವರಿಗೆ ಈ ಪಟ್ಟಿಯನ್ನು ನೀವು ಹೇಳುವುದಕ್ಕಿಂತ ನಿಮ್ಮ ಯಜಮಾನರು ಫೋನಿನಲ್ಲಿ ಹೇಳಲಿ, ಅವರು ಪೆಟ್ಟಿಗೆ ಕಟ್ಟುವುದಕ್ಕೆ ಮೊದಲೇ ಹೇಳಲಿ. ಏನು ಬೇಡ ಎಂಬುದರಿಂದ ಶುರು ಮಾಡದೆ, ಅಂಟಿನುಂಡೆ ಎಷ್ಟು ಬೇಕು ಎಂಬುದರಿಂದ ಶುರು ಮಾಡಲಿ. ಮಗು ಏನನ್ನಾದರೂ ನುಂಗಿಬಿಟ್ಟಿತು ಎಂಬ ಅನುಮಾನ ಬಂದರೆ ಅಮೆರಿಕದ ವಿಷ ಸಹಾಯವಾಣಿ 1-800-222-1222, ಆಸ್ಟ್ರೇಲಿಯಾದಲ್ಲಿ 13 11 26, ಇಂಗ್ಲೆಂಡಿನಲ್ಲಿ 111. ಈ ಸಂಖ್ಯೆಯನ್ನು ಅತ್ತೆಯವರ ಮೊಬೈಲಿನಲ್ಲಿಯೂ ಸೇರಿಸಿಕೊಡಿ, ಹಗಲಿನಲ್ಲಿ ಮಗುವಿನೊಂದಿಗೆ ಮನೆಯಲ್ಲಿರುವವರು ಅವರೇ.