ಸುವರ್ಣಗೆಡ್ಡೆ ಮತ್ತು ಸಕ್ಕರೆ ಕಾಯಿಲೆ: ಆಹಾರ ತಜ್ಞೆಗೊಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಊರು ಪುತ್ತೂರಿನ ಕಡೆ. ತೋಟದಲ್ಲಿ ಪ್ರತಿ ವರ್ಷವೂ ಸುವರ್ಣಗೆಡ್ಡೆ ಬೆಳೆಯುತ್ತದೆಯಾದರೂ ಬಾಯಿ ತುರಿಸುತ್ತದೆಂದು ಮಕ್ಕಳು ಮುಟ್ಟುವುದಿಲ್ಲ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ನಮ್ಮ ಮಾವನವರಿಗೆ, ಹಸಿ ಗೆಡ್ಡೆಯನ್ನು ಒಣಗಿಸಿ ಪುಡಿ ಮಾಡಿ ದಿನವೂ ಕುಡಿದರೆ ಸಕ್ಕರೆ ಇಳಿಯುತ್ತದೆಂದು ಯಾರೋ ಹೇಳಿದ್ದಾರೆ. ಕೊಡಬಹುದೇ?

ಉತ್ತರ: ನಮಸ್ಕಾರ. ಪುಡಿಯನ್ನು ದಯವಿಟ್ಟು ಕೊಡಬೇಡಿ. ಗೆಡ್ಡೆಯನ್ನು ಬೇಯಿಸಿ ಪಲ್ಯವನ್ನೋ ಹುಳಿಯನ್ನೋ ಮಾಡಿ ಅಗತ್ಯವಾಗಿ ಬಡಿಸಿ. ಹಸಿ ಗೆಡ್ಡೆಯ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿದ್ದು, ಬಾಯಿ ಮತ್ತು ಗಂಟಲಿನ ಒಳಪದರಕ್ಕೆ ಚುಚ್ಚಿ ತುರಿಕೆ ತರುವುದು ಅವೇ. ಒಣಗಿಸಿದ ಮಾತ್ರಕ್ಕೆ ಅವು ಇಲ್ಲವಾಗುವುದಿಲ್ಲ. ನಮ್ಮ ಹಿರಿಯರು ಹುಣಸೆ ಹುಳಿಯನ್ನೋ ಮಜ್ಜಿಗೆಯನ್ನೋ ಸೇರಿಸಿ ಚೆನ್ನಾಗಿ ಬೇಯಿಸುತ್ತಿದ್ದುದು ಇದೇ ಕಾರಣಕ್ಕೆ. ಮಕ್ಕಳಿಗಾಗಿ ಮುಂದಿನ ಬಾರಿ ತುರಿಕೆ ಕಡಿಮೆಯಿರುವ ಗಜೇಂದ್ರ ತಳಿಯನ್ನು ನೆಟ್ಟು ನೋಡಿ.

ಇನ್ನು ಔಷಧೀಯ ಅಂಶಗಳ ಮಾತು. ಈ ಗೆಡ್ಡೆಯಲ್ಲಿ ಫೀನಾಲಿಕ್ ಸಂಯುಕ್ತಗಳು, ಫ್ಲೇವನಾಯ್ಡುಗಳು, ಬೀಟಾ-ಸಿಟೊಸ್ಟೆರಾಲ್, ಬೆಟುಲಿನಿಕ್ ಆಮ್ಲ ಮೊದಲಾದವು ಇರುವುದು ನಿಜ. ಆದರೆ ಅವುಗಳ ಗುಣಗಳನ್ನು ಕುರಿತ ಅಧ್ಯಯನಗಳಲ್ಲಿ ಹೆಚ್ಚಿನವು ಪ್ರಯೋಗಾಲಯದಲ್ಲಿ, ಇಲ್ಲವೇ ಇಲಿಗಳ ಮೇಲೆ, ಸಾಂದ್ರೀಕರಿಸಿದ ಸಾರವನ್ನು ಬಳಸಿ ನಡೆದಂಥವು. ಊಟದ ಒಂದು ಬಟ್ಟಲು ಪಲ್ಯಕ್ಕೆ ಆ ಫಲಿತಾಂಶಗಳನ್ನು ಹಾಗೆಯೇ ಅನ್ವಯಿಸಲಾಗದು. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬೆಲೆ ಇರುವುದು ನಾರಿನಲ್ಲಿ ಮತ್ತು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪುವ ಪಿಷ್ಟದಲ್ಲಿ. ಅಲ್ಲಿನ ಸೂಕ್ಷ್ಮಜೀವಿಗಳು ಆ ಪಿಷ್ಟವನ್ನು ಹುದುಗಿಸಿ ಬ್ಯುಟಿರೇಟಿನಂಥ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಬೇಯಿಸಿ ತಣಿಸಿದಾಗ ಇಂಥ ಪಿಷ್ಟದ ಪ್ರಮಾಣ ಸ್ವಲ್ಪ ಹೆಚ್ಚುತ್ತದೆ.

ಆದರೂ ಇದು ಪಿಷ್ಟದ ಗೆಡ್ಡೆಯೇ. 100 ಗ್ರಾಮಿನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 18 ಗ್ರಾಂ ಇರುತ್ತದೆ. ಆದ್ದರಿಂದ ಅನ್ನದ ಜೊತೆಗೆ ಹೆಚ್ಚುವರಿಯಾಗಿ ಬಡಿಸದೆ, ಪಲ್ಯ ಮಾಡಿದ ದಿನ ಅಷ್ಟೇ ಪ್ರಮಾಣದ ಅನ್ನವನ್ನು ಕಡಿಮೆ ಮಾಡಿ. ಎಣ್ಣೆಯಲ್ಲಿ ಕರಿದ ಹೋಳುಗಳು ಬೇಡ. ಮಾತ್ರೆಗಳನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ಮರುಪ್ರಶ್ನೆ: ತುಂಬಾ ಧನ್ಯವಾದಗಳು ಮೇಡಂ. ಹೇಳಲು ಮರೆತಿದ್ದೆ, ಮಾವನವರಿಗೆ ಹಿಂದೊಮ್ಮೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು.

ಉತ್ತರ: ಇದನ್ನು ತಿಳಿಸಿದ್ದು ಬಹಳ ಒಳ್ಳೆಯದಾಯಿತು. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವೇ ಆಗಿರುವುದರಿಂದ, ಅವರಿಗಾದದ್ದು ಯಾವ ಬಗೆಯ ಕಲ್ಲೆಂದು ವೈದ್ಯರನ್ನು ಕೇಳಿ ತಿಳಿಯುವವರೆಗೆ ಈ ಗೆಡ್ಡೆಯನ್ನು ಕೊಡದಿರುವುದೇ ಕ್ಷೇಮ. ವೈದ್ಯರು ಒಪ್ಪಿಗೆ ಕೊಟ್ಟರೆ ಹೋಳುಗಳನ್ನು ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿಬಿಡಿ. ನೀರಿನಲ್ಲಿ ಕರಗುವ ಆಕ್ಸಲೇಟಿನ ಒಂದು ಪಾಲು ಅದರೊಂದಿಗೆ ಹೋಗುತ್ತದೆ. ಜೊತೆಗೆ ಮೊಸರು ಬಡಿಸಿ, ಏಕೆಂದರೆ ಅದರ ಕ್ಯಾಲ್ಸಿಯಂ ಉಳಿದ ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದಿಟ್ಟು, ರಕ್ತಕ್ಕೆ ಸೇರುವ ಪ್ರಮಾಣವನ್ನು ತಗ್ಗಿಸುತ್ತದೆ. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ. ಗೆಡ್ಡೆಯಲ್ಲಿ ಪೊಟ್ಯಾಸಿಯಂ ಸಾಕಷ್ಟಿರುವುದರಿಂದ, ಮೂತ್ರಪಿಂಡ ದುರ್ಬಲವಾಗಿದ್ದರೆ ಎಷ್ಟು ತಿನ್ನಬಹುದೆಂಬುದನ್ನು ಆ ವರದಿ ನೋಡಿಯೇ ಹೇಳಬೇಕಾಗುತ್ತದೆ.